ಹಾಸ್ಟೆಲ್ ಹೆಸರು ಹೇಳೋಕೆ ಯಾಕೆ ಹಿಂಜರಿಕೆ?

ಹೋದ ತಿಂಗಳು ಆಫೀಸಿನ ವಿಡಿಯೊ ಕಾಲ್‌ನಲ್ಲಿ ಅಮೆರಿಕದ ಸಹೋದ್ಯೋಗಿಯೊಬ್ಬಳು ‘ಹಾವರ್ಡ್’ ಅಂತ ದೊಡ್ಡದಾಗಿ ಬರೆದಿದ್ದ ಸ್ವೆಟ್‌ಶರ್ಟ್ ಹಾಕ್ಕೊಂಡು ಕೂತಿದ್ದಳು. ‘ಹಾರ್ವರ್ಡಾ?’ ಅಂದೆ. ನಕ್ಕಳು. ‘ಅಲ್ಲ, ಹಾವರ್ಡ್. ನಮ್ಮಜ್ಜಿನೂ ಅಲ್ಲೇ ಓದಿದ್ದು’ ಅಂದಳು.

ಬಿಳಿಯರ ಕಾಲೇಜುಗಳು ಕಪ್ಪು ಜನರಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ ಹುಟ್ಟಿಕೊಂಡ ವಿದ್ಯಾಸಂಸ್ಥೆಗಳಲ್ಲಿ ಅದೂ ಒಂದು. ಶುರುವಾಗಿದ್ದು 1867ರಲ್ಲಿ, ವಾಷಿಂಗ್ಟನ್‌ನಲ್ಲಿ. ಕಾದಂಬರಿಕಾರ್ತಿ ಟೋನಿ ಮಾರಿಸನ್, ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಓದಿದ್ದು ಅಲ್ಲೇ. ಮಾರ್ಟಿನ್ ಲೂಥರ್ ಕಿಂಗ್ ಓದಿದ ಮೋರ್‌ಹೌಸ್ ಕೂಡ ಅಂಥದ್ದೇ ಕಾಲೇಜು.

ಅವಳು ಎದೆ ಮೇಲೆ ಹಾಕ್ಕೊಂಡಿದ್ದ ಹೆಸರು ನೋಡಿ ನನಗೆ ನನ್ನ ಸುಳ್ಳು ನೆನಪಾಯ್ತು.

ನಾಯಂಡಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರ್ ಒಬ್ಬರು, ‘ಓದುವಾಗ ಎಲ್ಲಿದ್ರಿ?’ ಅಂತ ಕೇಳಿದ್ರು. ಅದು ಓದಿನ ಬಗ್ಗೆ ಕೇಳಿದ ಪ್ರಶ್ನೆ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ‘ಪಿಜಿಲಿ ಸರ್’ ಅಂದೆ. ಮನೆ ಸಿಕ್ತು.

ನಾನಿದ್ದದ್ದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ. ಐದು ವರ್ಷ. ಅಲ್ಲಿನ ಮುದ್ದೆ, ಸೊಪ್ಪಿನ ಸಾರು, ಫೀಸ್ ಕಟ್ಟೋಕೆ ಸಾಲ ಕೊಟ್ಟ ಸೀನಿಯರ್, ಪರೀಕ್ಷೆ ದಿನ ಬೇಗ ಎದ್ದು ತಿಂಡಿ ಮಾಡಿಕೊಡ್ತಿದ್ದ ಅಡುಗೆ ಅಕ್ಕ, ಎಲ್ಲರನ್ನೂ ಒಂದೇ ಮಾತಲ್ಲಿ ಅಳಿಸಿಹಾಕಿದ್ದೆ.

ಅಮೆರಿಕದಲ್ಲಿ ಆ ಕಾಲೇಜುಗಳು ಮಾಡಿದ ಕೆಲಸವನ್ನ ನಮ್ಮಲ್ಲಿ ಇಂಥ ಶಾಲೆ, ಹಾಸ್ಟೆಲ್‌ಗಳು ಮಾಡಿವೆ. ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅವರ ಸಮುದಾಯದವರೇ ಅವರಿಗೆ ಬಹಿಷ್ಕಾರ ಹಾಕಿದರು. ಓದಿ ದೊಡ್ಡವನಾದ ದಲಿತ ಹುಡುಗನ ಕಾರಿನ ಚಕ್ರದ ಧೂಳು ತನ್ನ ತಲೆ ಮೇಲೆ ಬಿದ್ದರೆ ಸಾಕು, ಬದುಕು ಸಾರ್ಥಕ ಅನ್ನೋದು ಅವರ ಆಸೆಯಾಗಿತ್ತು.

ನಮ್ಮ ಬೆಂಗಳೂರಲ್ಲೇ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಇತ್ತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಹುಡುಗನೊಬ್ಬ ಅಲ್ಲಿ ಉಳಿದುಕೊಂಡು ಓದಿದ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿದ. ಆತನೇ ಕವಿ ಸಿದ್ಧಲಿಂಗಯ್ಯ. ಆಮೇಲೆ ಅವರು ಪಾಠ ಮಾಡಿದ್ದು ಜ್ಞಾನಭಾರತಿಯಲ್ಲಿ, ನಾನು ದಿನಾ ಮೆಟ್ರೊ ಹತ್ತುವ ನಾಯಂಡಹಳ್ಳಿಯಿಂದ ಎರಡೇ ಸ್ಟೇಷನ್ ಆಚೆ. ತಮ್ಮ ಹಾಸ್ಟೆಲ್ ದಿನಗಳನ್ನ ಅವರು ಮುಚ್ಚಿಡಲಿಲ್ಲ. ‘ಊರುಕೇರಿ’ ಆತ್ಮಕಥೆಯಲ್ಲಿ ಹಸಿವನ್ನೂ ನಗುನಗುತ್ತಲೇ ಬರೆದರು.

ಕಳೆದ ಭಾನುವಾರ ಹಳೇ ರೂಮ್‌ಮೇಟ್‌ಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ ಮಗಳಿಗೂ ಹೇಳಿಲ್ಲ ಕಣೋ’ ಅಂದ.

ಅವತ್ತೇ ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರಿನ ಕೆಳಗೆ ಹಾಸ್ಟೆಲ್ ಹೆಸರನ್ನೂ ಸೇರಿಸಿದೆ. ಓನರ್‌ಗೆ ಇನ್ನೂ ಹೇಳಿಲ್ಲ. ಮುಂದಿನ ತಿಂಗಳು ಅಗ್ರಿಮೆಂಟ್ ರಿನ್ಯೂ ಮಾಡೋಕೆ ಬರ್ತಾರೆ. ಈ ಸಲ ಕೇಳಿದ್ರೆ ಪಿಜಿ ಅನ್ನಲ್ಲ ಅಂತ ತೀರ್ಮಾನ ಮಾಡಿದ್ದೀನಿ. ಮನೆ ಹುಡುಕೋ ಆ್ಯಪ್ ಮಾತ್ರ ಇನ್ನೂ ಫೋನಲ್ಲೇ ಇಟ್ಕೊಂಡಿದ್ದೀನಿ.

ನೀವೂ ಇಂಥ ಹಾಸ್ಟೆಲ್‌ನಲ್ಲಿ ಓದಿದವರಾದ್ರೆ, ಹೊರಗೆ ಹೇಳೋದು ಬಿಡೋದು ನಿಮ್ಮಿಷ್ಟ. ಅದರ ಬೆಲೆ ಏನು ಅಂತ ನಿಮಗೇ ಗೊತ್ತು. ಆದ್ರೆ ಮನೆಯ ಮಕ್ಕಳಿಗಾದ್ರೂ ಹೇಳಿ. ನಮಗೆ ಅನ್ನ ಹಾಕಿ ಓದಿಸಿದ ಜಾಗದ ಹೆಸರು ಅವರಿಗೆ ಗೊತ್ತಿರಲಿ.