ಒಂದು ಲೋಟಕ್ಕೆ ಮೂರು ಲೋಟ

ಈಗೀಗ ನಮ್ಮ ದಾವಣಗೆರೆಯಲ್ಲಿ ಬಾಡಿಗೆ ಮನೆ ನೋಡಲು ಬಂದವರು ಗಾಳಿ ಬೆಳಕಿನ ಮಾತೆತ್ತುವ ಮೊದಲೇ ‘ಆರ್‌ಓ ಹಾಕಿಸಿದ್ದೀರಾ?’ ಎಂದು ಕೇಳುತ್ತಾರೆ. ಹೆಣ್ಣು ಕೊಡುವ ಕಡೆಯವರೂ ಅಷ್ಟೇ. ಅಡಿಗೆಮನೆಯಲ್ಲಿ ಒಂದು ಸುತ್ತು ಕಣ್ಣಾಡಿಸಿ, ಸಿಂಕಿನ ಪಕ್ಕ ಕತ್ತು ಬಾಗಿಸಿ ನಿಂತ ಪುಟ್ಟ ನಲ್ಲಿ ಕಂಡರೆ ಸಮಾಧಾನಪಡುತ್ತಾರೆ. ಹೊಸ ವಸ್ತುಗಳ ಮೇಲೆ ನನಗೆ ಹಗೆಯಿಲ್ಲ. ಒರಳುಕಲ್ಲಿನಲ್ಲಿ ರುಬ್ಬಿ ರಟ್ಟೆ ಸೋತವಳು ನಾನು. ಗ್ರೈಂಡರ್ ಮನೆಗೆ ಬಂದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಬರಮಾಡಿಕೊಂಡೆ. ಆದರೆ ಗ್ರೈಂಡರ್ ನಮ್ಮ ಮನೆಯ ಅಕ್ಕಿಯನ್ನಷ್ಟೇ ರುಬ್ಬುತ್ತದೆ. ಈ ಯಂತ್ರ ಊರಿನ ನೀರಿಗೇ ಕೈ ಹಾಕುತ್ತದೆ. ಹಾಗಾಗಿ ‘ನಮ್ಮ ದುಡ್ಡು, ನಮ್ಮ ಮನೆ, ನಿಮಗೇನು?’ ಎಂದು ಕೇಳಿ ಮುಗಿಸುವ ಮಾತು ಇದಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳೆಯ ನೀರು, ನಾಲೆಯ ನೀರು ನಲ್ಲಿಯಲ್ಲಿ ಬರುವ ದಾವಣಗೆರೆ, ಹರಿಹರದ ಮನೆಗಳಿಗೆ ಈ ಯಂತ್ರ ಬೇಕಿಲ್ಲ. ಬೇಡದ್ದನ್ನು ಕೊಂಡು ನೀರು ಪೋಲು ಮಾಡುತ್ತಿದ್ದೇವೆ ಎಂಬುದು ಒಂದು ತಪ್ಪಾದರೆ, ನಲ್ಲಿಯ ನೀರು ಶುದ್ಧವಾಗಿರಬೇಕು ಎಂದು ಕೇಳುವ ಬಾಯನ್ನೇ ಮುಚ್ಚಿಕೊಳ್ಳುತ್ತಿದ್ದೇವೆ ಎಂಬುದು ಅದಕ್ಕಿಂತ ದೊಡ್ಡದು.

ಮೊದಲು ಈ ಯಂತ್ರ ಮಾಡುವುದೇನು ನೋಡೋಣ. ಕೂದಲಿಗಿಂತ ಸಾವಿರಾರು ಪಾಲು ಸಣ್ಣ ರಂಧ್ರಗಳಿರುವ ಒಂದು ತೆಳು ಪೊರೆ. ಅದರ ಒಂದು ಪಕ್ಕ ಪಂಪಿನ ಒತ್ತಡದಿಂದ ನೀರನ್ನು ನೂಕಿದರೆ, ನೀರು ಮಾತ್ರ ಆಚೆ ಹೋಗಿ ಉಪ್ಪು, ಸುಣ್ಣ ಮುಂತಾದ ಲವಣಗಳು ಈಚೆಯೇ ಉಳಿಯುತ್ತವೆ. ಅಮೆರಿಕದಲ್ಲಿ ಸಿಡ್ನಿ ಲೋಬ್ ಎಂಬುವರೂ ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಅವರೂ ಕೂಡಿ 1960ರ ಸುಮಾರಿಗೆ ಇಂಥ ಪೊರೆಯನ್ನು ಸಿದ್ಧಪಡಿಸಿದರು. ಅವರ ಉದ್ದೇಶ ಸಮುದ್ರದ ನೀರನ್ನು, ಉಪ್ಪುನೀರನ್ನು ಸಿಹಿ ಮಾಡುವುದು. ದೊಡ್ಡ ಸಾಧನೆ, ಕೈಮುಗಿಯಬೇಕು. ಆದರೆ ದಾವಣಗೆರೆಯಲ್ಲಿ ಸಮುದ್ರವೆಲ್ಲಿದೆ? ನಮ್ಮ ನಲ್ಲಿಗೆ ಬರುವುದು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯ ನೀರು. ಹರಿಹರದ ಪಕ್ಕ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು. ಮಲೆನಾಡಿನ ಮಳೆ ಹರಿದು ಬಂದದ್ದು. ಇದಕ್ಕಿಂತ ಸಿಹಿನೀರು ಬಯಲುಸೀಮೆಯಲ್ಲಿ ಯಾರ ಪುಣ್ಯಕ್ಕಿದೆ?

‘ಮತ್ತೆ ನಮ್ಮ ಮನೆಯಲ್ಲಿ ನೀರು ಕಪ್ಪಾಗಿದ್ದನ್ನು ಕಣ್ಣಾರೆ ನೋಡಿದೆವಲ್ಲ?’ ಎನ್ನುತ್ತೀರಿ. ನಾನೂ ನೋಡಿದ್ದೇನೆ. ವಿದ್ಯಾನಗರದಲ್ಲಿರುವ ನನ್ನ ಓರಗಿತ್ತಿಯ ಮನೆಗೆ ಯಂತ್ರ ಮಾರುವ ಹುಡುಗನೊಬ್ಬ ಬಂದಿದ್ದ. ಎರಡು ಗಾಜಿನ ಲೋಟ ಇಟ್ಟ, ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ತನ್ನ ಬಾಟಲಿಯ ಆರ್‌ಓ ನೀರು. ಲೋಹದ ಕಡ್ಡಿಗಳಿದ್ದ ಒಂದು ಪೆಟ್ಟಿಗೆಯನ್ನು ಅವುಗಳ ಮೇಲಿಟ್ಟು ಕರೆಂಟಿನ ಸ್ವಿಚ್ ಒತ್ತಿದ. ಎರಡು ನಿಮಿಷದಲ್ಲಿ ನಲ್ಲಿ ನೀರು ಚರಂಡಿಯ ಹಾಗೆ ಕಂದುಗಪ್ಪಾಗಿ ಗಸಿ ಎದ್ದಿತು; ಅವನ ನೀರು ತಿಳಿಯಾಗಿಯೇ ಇತ್ತು. ‘ನೋಡ್ರಿ ಮೇಡಂ, ದಿನಾ ನೀವು ಕುಡಿಯೋದು, ಮಕ್ಕಳಿಗೆ ಕುಡಿಸೋದು ಇದನ್ನೇ’ ಎಂದ. ನನ್ನ ಓರಗಿತ್ತಿಯ ಮುಖ ಬಿಳಿಚಿಕೊಂಡಿತು.

ನಾನು ಓದಿದ್ದು ಬಿ.ಎ., ವಿಜ್ಞಾನವಲ್ಲ. ಮರುದಿನ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, ಒಂಬತ್ತನೆಯ ತರಗತಿಯ ಮಕ್ಕಳ ಮುಂದೆಯೇ ಮಾಡಿ ತೋರಿಸಿದರು. ಆ ಕಪ್ಪು ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣ. ನೀರಿನಲ್ಲಿ ಸ್ವಲ್ಪ ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಿನ ಗಸಿಯಾಗುತ್ತದೆ. ಲವಣವೇ ಇಲ್ಲದ ನೀರಿನಲ್ಲಿ ವಿದ್ಯುತ್ ಹರಿಯದು, ಆದ್ದರಿಂದ ತಿಳಿ. ಮೇಷ್ಟ್ರು ಆರ್‌ಓ ನೀರಿಗೆ ಒಂದು ಚಿಟಿಕೆ ಅಡಿಗೆ ಉಪ್ಪು ಹಾಕಿ ಕಡ್ಡಿ ಇಳಿಸಿದರು. ಅದೂ ಕಪ್ಪಾಯಿತು. ಮಕ್ಕಳು ಹೋ ಎಂದು ಕೂಗಿದರು. ಒಂಬತ್ತನೆಯ ತರಗತಿಯ ಮಕ್ಕಳಿಗೆ ತಿಳಿಯುವ ವಿಷಯವನ್ನು ಮುಚ್ಚಿಟ್ಟು ತಾಯಂದಿರನ್ನು ಹೆದರಿಸಿ ದುಡ್ಡು ಎಣಿಸುವುದಕ್ಕೆ ವ್ಯಾಪಾರ ಎಂದು ಹೆಸರು! ಗಮನಿಸಿ, ಈ ಹೆದರಿಕೆಯೆಲ್ಲ ಹೆಂಗಸರ ಮುಂದೆಯೇ. ‘ಒಳ್ಳೆಯ ತಾಯಿ’ ಎನಿಸಿಕೊಳ್ಳುವ ಆಸೆ ನಮ್ಮ ದೌರ್ಬಲ್ಯವೆಂದು ಅವರಿಗೆ ಚೆನ್ನಾಗಿ ಗೊತ್ತು.

ಅದೇ ಹುಡುಗನ ಕೈಯಲ್ಲಿ ಪೆನ್ನಿನಂಥ ಒಂದು ಮೀಟರೂ ಇತ್ತು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಅದು ಹೇಳುತ್ತದೆ, ಟಿಡಿಎಸ್ ಎನ್ನುತ್ತಾರೆ. ಆ ಮನೆಯ ನಲ್ಲಿ ನೀರಿಗೆ ಅದು ತೋರಿಸಿದ್ದು 160. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಇಟ್ಟಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 2000ದವರೆಗೂ ಸೈರಿಸಬಹುದು ಎನ್ನುತ್ತದೆ ಅದು. ಅಂದಮೇಲೆ 160ಕ್ಕೆ ಇನ್ನೇನನ್ನು ಕಳೆಯಬೇಕು? 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದೂ ಇದನ್ನೇ: 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಿ, ಉಳಿದ ಕಡೆ ಒಳಹೋದ ನೀರಿನಲ್ಲಿ ಶೇಕಡ 60 ಭಾಗವಾದರೂ ಬಳಕೆಗೆ ಸಿಗುವಂತೆ ಮಾಡಿ ಎಂದು ಸರ್ಕಾರಕ್ಕೆ ಸೂಚಿಸಿತು. ತಯಾರಕರು ಅದೇ ವರ್ಷ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮಾರಾಟ ಮಾತ್ರ ನಿಲ್ಲಲಿಲ್ಲ.

ನನ್ನ ಓರಗಿತ್ತಿಯೂ ಹಾಕಿಸಿಯೇಬಿಟ್ಟಳು. ಗ್ರಾನೈಟಿನ ಕಟ್ಟೆಗೆ ತೂತು ಕೊರೆದು ನಲ್ಲಿ ನಿಲ್ಲಿಸಿದರು. ಸಿಂಕಿನ ಕೆಳಗೆ ಸಾಲಾಗಿ ಫಿಲ್ಟರುಗಳು, ಒಂದು ಪಂಪು, ಒಂದು ಪುಟ್ಟ ಟ್ಯಾಂಕು. ಕೊನೆಗೆ ಒಂದು ಸಣ್ಣ ಬಿಳಿಯ ಕೊಳವೆಯನ್ನು ಸಿಂಕಿನ ಚರಂಡಿ ಪೈಪಿಗೆ ಸಿಕ್ಕಿಸಿ, ಕಪಾಟಿನ ಬಾಗಿಲು ಮುಚ್ಚಿದರು. ಗೋಡೆಗೆ ತೂಗುಹಾಕುವ ಯಂತ್ರದಲ್ಲಿ ಹರಿದುಹೋಗುವ ನೀರು ಕಣ್ಣಿಗಾದರೂ ಕಾಣುತ್ತದೆ. ಸಿಂಕಿನ ಕೆಳಗೆ ಸೇರಿಸಿದರೆ ಅದೂ ಇಲ್ಲ. ನಾನು ಹಟ ಹಿಡಿದು ಆ ಬಿಳಿ ಕೊಳವೆ ಬಿಡಿಸಿ ಬಕೆಟ್ಟಿಗೆ ಇಳಿಬಿಡಿಸಿದೆ. ಇಬ್ಬರೂ ಕೂತು ಅಳೆದೆವು. ಒಂದು ಲೋಟ ಕುಡಿಯುವ ನೀರಿಗೆ ಮೂರು ಲೋಟ ಚರಂಡಿಗೆ.

ಲೆಕ್ಕ ಮಾಡಿ. ಕುಡಿಯಲು, ಅಡಿಗೆಗೆ ದಿನಕ್ಕೆ 12 ಲೀಟರ್ ಎಂದರೆ 36 ಲೀಟರ್ ಪೋಲು. ಇಂಥ ಸಾವಿರ ಮನೆಗಳಿದ್ದರೆ ದಿನಕ್ಕೆ 36,000 ಲೀಟರ್. ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಲೀಟರಿಗೆ 160 ಮಿಲಿಗ್ರಾಂ ಲವಣವಿರುವ ನಾಲ್ಕು ಲೀಟರ್ ನೀರು ಒಳಗೆ ಹೋಯಿತು. ಒಟ್ಟು ಲವಣ 640. ಕುಡಿಯುವ ಒಂದು ಲೀಟರಿನಲ್ಲಿ ಉಳಿದದ್ದು ಹೆಚ್ಚೆಂದರೆ ಹದಿನೈದು ಇಪ್ಪತ್ತು. ಮಿಕ್ಕದ್ದೆಲ್ಲ ಮೂರು ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 208. ಅಂದರೆ ‘ಕೆಟ್ಟ ನೀರು’ ಎಂದು ಚರಂಡಿಗೆ ಬಿಟ್ಟಿದ್ದರಲ್ಲೂ ಲವಣ ಸರ್ಕಾರದ ಮಿತಿಯ ಅರ್ಧಕ್ಕಿಂತ ಕಡಿಮೆ! ಲವಣದ ಕಾರಣ ಹೇಳಿ ಯಂತ್ರ ಮಾರಿದವರು ಇದಕ್ಕೆ ಏನು ಹೇಳುತ್ತಾರೆ?

ಬಕೆಟ್ ತುಂಬುವುದನ್ನು ನೋಡುತ್ತ ಪಾತ್ರೆ ತಿಕ್ಕಲು ಬರುವಾಕೆ ಅಂದಳು: ‘ಅಕ್ಕಾರೇ, ಇಷ್ಟು ನೀರು ಸುಮ್ನೆ ಹರಿದು ಹೋಗ್ತೈತಲ್ರೀ. ನಮ್ ಓಣ್ಯಾಗ ಇಷ್ಟಕ್ಕೆ ಕೊಡ ಹಿಡಕೊಂಡು ಜಗಳಾಡ್ತೀವಿ.’ ನಾವಿಬ್ಬರೂ ಸುಮ್ಮನಾದೆವು. ಬಿ.ಎ. ಓದಿದ ನನಗೆ ಲೆಕ್ಕ ಹಾಕಿದ ಮೇಲೆ ತಿಳಿದದ್ದು ಆಕೆಗೆ ಕಣ್ಣಳತೆಯಲ್ಲೇ ತಿಳಿಯಿತು.

‘ಹಾಗಾದರೆ ಕ್ರಿಮಿಗಳು?’ ನ್ಯಾಯವಾದ ಪ್ರಶ್ನೆ. ನಮ್ಮ ನಲ್ಲಿ ನೀರಿನ ನಿಜವಾದ ಕಾಟ ಅದೇ. ದಿನಬಿಟ್ಟು ದಿನ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕಂಡ ಊರು ನಮ್ಮದು. ನೀರು ನಿಂತಾಗ ಪೈಪು ಬರಿದಾಗಿ, ಎಲ್ಲಿ ಬಿರುಕಿದೆಯೋ ಅಲ್ಲಿಂದ ಪಕ್ಕದ ಚರಂಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ನಮ್ಮ ಸಂಪು, ಮಾಳಿಗೆಯ ಟ್ಯಾಂಕು. ಅವನ್ನು ತೊಳೆದು ಎಷ್ಟು ಹಬ್ಬವಾಯಿತೋ ದೇವರಿಗೇ ಗೊತ್ತು. ಮಾರುವವನ ಪೆನ್ನಿನಂಥ ಮೀಟರಿಗೆ ಈ ಕ್ರಿಮಿ ಒಂದೂ ಕಾಣುವುದಿಲ್ಲ. ಆರ್‌ಓ ಪೊರೆ ಕ್ರಿಮಿಯನ್ನೂ ತಡೆಯುತ್ತದೆ, ನಿಜ. ಆದರೆ ಕ್ಲೋರಿನ್ ತಗುಲಿದರೆ ಆ ಪೊರೆ ಕೆಡುತ್ತದೆಂದು ಮೊದಲೇ ಇದ್ದಿಲಿನ ಫಿಲ್ಟರಿನಲ್ಲಿ ಕ್ಲೋರಿನ್ ತೆಗೆದುಬಿಡುತ್ತಾರೆ. ಕಾವಲಿಲ್ಲದ ಆ ನೀರು ಟ್ಯಾಂಕಿನಲ್ಲಿ ನಿಲ್ಲುತ್ತದೆ. ವರ್ಷಗಟ್ಟಲೆ ಫಿಲ್ಟರ್ ಬದಲಿಸದ ಮನೆಗಳಲ್ಲಿ ಅದು ಕ್ರಿಮಿಗಳ ಛತ್ರ. ಕ್ರಿಮಿಗೆ ಮದ್ದು ನಮ್ಮ ಒಲೆಯ ಮೇಲೇ ಇದೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಗ್ಯಾಸಿನ ಖರ್ಚು ಎನ್ನುವವರಿಗೆ ನೀರು ಪೋಲು ಮಾಡದ ನೇರಳಾತೀತ ಬೆಳಕಿನ ಯಂತ್ರಗಳಿವೆ. ನಮ್ಮ ಅಜ್ಜಿಯರು ಕೊಡದ ಬಾಯಿಗೆ ಹಳೆ ಸೀರೆ ಕಟ್ಟಿ ನೀರು ಸೋಸುತ್ತಿದ್ದುದನ್ನು ಕಂಡು ನಗುತ್ತಿದ್ದೆವು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು.

ಇನ್ನೊಂದು ವಿನೋದ. ನೀರಿನಿಂದ ಸುಣ್ಣದ ಅಂಶ ತೆಗೆಯಲು ಒಂದು ಫಿಲ್ಟರು. ತೆಗೆದದ್ದು ಹೆಚ್ಚಾಯಿತೆಂದು ತಿರುಗಿ ಬೆರೆಸಲು ಇನ್ನೊಂದು ಫಿಲ್ಟರು! ಐವತ್ತು ದಾಟಿದ ಮೇಲೆ ಮಂಡಿ ನೋವೆಂದು ಕ್ಯಾಲ್ಸಿಯಂ ಮಾತ್ರೆ ಬೇರೆ. ಮೈಗೆ ಬೇಕಾದ ಸುಣ್ಣವೆಲ್ಲ ನೀರಿನಿಂದಲೇ ಬರುವುದಿಲ್ಲ, ರಾಗಿ ಹಾಲುಗಳಿವೆ. ಆದರೂ ಇದ್ದದ್ದನ್ನು ತೆಗೆಯುವುದಕ್ಕೂ ಹಾಕುವುದಕ್ಕೂ ಎರಡು ಸಲ ದುಡ್ಡು ಕೊಡುವ ಜಾಣತನ ಯಾವ ಲೆಕ್ಕದ್ದು?

ಈ ಯಂತ್ರ ಎಲ್ಲಿಯೂ ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಯ ಜಗಳೂರು ಕಡೆಗೆ ಹೋಗಿ ನೋಡಿ. ಆಳದ ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡು. ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಕೀಲು ಸೆಡೆಯುತ್ತದೆ. ಫ್ಲೋರೈಡು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ಊರಿಗೆ ಆರ್‌ಓ ವರವೇ. ನಗರದಲ್ಲೂ ಬರೀ ಬೋರ್‌ನೀರು ಕುಡಿಯುವ ಮನೆಗಳಿದ್ದರೆ ನೀರು ಪರೀಕ್ಷೆ ಮಾಡಿಸಿ, ಅಗತ್ಯ ಕಂಡರೆ ಹಾಕಿಸಲಿ. ಆದರೆ ಮೊದಲು ಪರೀಕ್ಷೆ, ಆಮೇಲೆ ಯಂತ್ರ. ರೋಗ ಯಾವುದೆಂದು ನೋಡದೆ ಊರಿಗೆಲ್ಲ ಒಂದೇ ಔಷಧಿ ಕುಡಿಸುವ ವೈದ್ಯನನ್ನು ನಾವು ಒಪ್ಪುತ್ತೇವೆಯೇ?

ಈಗ ನನ್ನ ಎದೆಯೊಳಗಿನ ಮಾತಿಗೆ ಬರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ಹರಿಹರೇಶ್ವರನ ಗುಡಿಯ ಆಸುಪಾಸಿನಲ್ಲಿ. ಹೊಳೆಯಿಂದ ಕೊಡ ಹೊತ್ತು ತಂದವರು ನಾವು. ಆ ಹೊಳೆಗೆ ಕಾರ್ಖಾನೆಯ ಕೊಳೆ ಸೇರಿದಾಗ, ದಡದ ಹಳ್ಳಿಯವರು ಮನೆಗೊಂದು ಯಂತ್ರ ಕೊಂಡು ಸುಮ್ಮನೆ ಕೂರಲಿಲ್ಲ. ಹಾಗೆ ಕೊಳ್ಳುವ ದುಡ್ಡೂ ಅವರಲ್ಲಿರಲಿಲ್ಲ. ಬೀದಿಗೆ ಬಂದರು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ತುಂಗಭದ್ರೆಯ ಮಾಲಿನ್ಯವನ್ನು ನಾಡಿನ ಪ್ರಶ್ನೆಯಾಗಿ ಎತ್ತಿತು. ಹೊಳೆ ಕೆಟ್ಟರೆ ಹೊಳೆಯನ್ನೇ ಸರಿಮಾಡಬೇಕು ಎಂಬ ತಿಳಿವಳಿಕೆ ಅವರದು. ನಾವು ಓದಿದವರು, ಸಂಬಳದವರು, ನೀರು ಕೆಟ್ಟಿದೆ ಎಂದ ಕೂಡಲೇ ಬಾಗಿಲು ಹಾಕಿಕೊಂಡು ಸಿಂಕಿನ ಕೆಳಗೆ ಕೈಯಿಟ್ಟೆವು.

ಇದರ ಫಲವೇನು ಗೊತ್ತೇ? ಪಾಲಿಕೆಗೆ ಫೋನು ಮಾಡಿ ‘ಇವತ್ತು ನೀರು ವಾಸನೆ ಬರುತ್ತಿದೆ’ ಎಂದು ದಬಾಯಿಸುವ ಶಕ್ತಿಯಿರುವ ಮನೆಗಳೇ ನಲ್ಲಿ ನೀರು ಕುಡಿಯುವುದನ್ನು ಬಿಟ್ಟವು. ಕುಡಿಯುವವರು ಉಳಿದದ್ದು ನಮ್ಮ ಪಾತ್ರೆ ತೊಳೆಯುವವರ ಓಣಿಗಳಲ್ಲಿ. ಅವರ ಮಾತಿಗೆ ಕಿವಿಗೊಡುವವರಿಲ್ಲ. 2023ರ ಆಗಸ್ಟಿನ ಮೊದಲ ದಿನಗಳಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು. ಮನೆಮನೆಯವರು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದರು. ದೂರದ ಕಥೆಯಲ್ಲ, 1997ರವರೆಗೆ ನಾವೂ ಅದೇ ಜಿಲ್ಲೆಯವರು. ಸಿಂಕಿನ ಕೆಳಗಿನ ಯಂತ್ರ ಅಲ್ಲಿನ ಒಂದು ಮಗುವಿಗಾದರೂ ಕಾವಲಾಯಿತೇ? ಯಂತ್ರವಿರುವ ಮನೆಯ ಮಗುವಾದರೂ ಶಾಲೆಯ ನಲ್ಲಿಗೆ ಬಾಯಿ ಒಡ್ಡುವುದಿಲ್ಲವೇ?

ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳಿಗೆ 24 ಗಂಟೆಯೂ ನೀರು ಕೊಡಲೆಂದು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ‘ಜಲಸಿರಿ’ ಯೋಜನೆ ಮಾಡಿದರು. ರಸ್ತೆ ಅಗೆದರು, ಪೈಪು ಹೂತರು. ಆ ಸಾಲ ತೀರಿಸುವವರು ನಾವು. ಸದಾ ಒತ್ತಡವಿರುವ ಪೈಪಿಗೆ ಚರಂಡಿ ನುಗ್ಗದು. ಹೀಗಿರುವಾಗ ನೀರಿಗೆ ತೆರಿಗೆ ಒಮ್ಮೆ, ಸಾಲಕ್ಕೆ ಒಮ್ಮೆ, ಯಂತ್ರಕ್ಕೆ ಒಮ್ಮೆ, ವರ್ಷವರ್ಷ ಫಿಲ್ಟರಿಗೆ ಇನ್ನೊಮ್ಮೆ ಕೊಡುತ್ತ ಕೂರುವ ಬದಲು, ಕೊಟ್ಟ ದುಡ್ಡಿಗೆ ಶುದ್ಧ ನೀರು ಕೇಳುವುದು ತಪ್ಪೇ?

ಆದ್ದರಿಂದ ನನ್ನ ಸೋದರಿಯರಲ್ಲಿ ಇಷ್ಟು ವಿನಂತಿ. ಆ ಹುಡುಗ ಕಡ್ಡಿಗಳ ಪೆಟ್ಟಿಗೆ ತಂದರೆ ಅವನ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಈಗಾಗಲೇ ಯಂತ್ರ ಕೂರಿಸಿದ್ದರೆ ಬಿಳಿ ಕೊಳವೆಯನ್ನು ಚರಂಡಿಯಿಂದ ಬಿಡಿಸಿ ಬಕೆಟ್ಟಿಗೆ ಹಾಕಿ. ನೆಲ ಒರೆಸಲು, ಪಾತ್ರೆ ತೊಳೆಯಲು ಆಗುತ್ತದೆ. ಆರು ತಿಂಗಳಿಗೊಮ್ಮೆ ಸಂಪು ತೊಳೆಸಿ. ಮಹಿಳಾ ಸಮಾಜದಲ್ಲಿ, ಸ್ವಸಹಾಯ ಸಂಘದಲ್ಲಿ ಹತ್ತು ಮಂದಿ ಸೇರಿದಾಗ ಒಂದು ಅರ್ಜಿ ಬರೆಯಿರಿ: ನಮ್ಮ ವಾರ್ಡಿನ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವ ಹಾಗೆ ಅಂಟಿಸಿ ಎಂದು. ಅದರ ಕೆಳಗೆ ನಿಮ್ಮ ಮನೆಗೆಲಸದಾಕೆಯ ಸಹಿಯೂ ಇರಲಿ. ಸಹಿ ಬಾರದಿದ್ದರೆ ಹೆಬ್ಬೆಟ್ಟಾದರೂ ಸರಿ, ಮೊದಲನೆಯದು ಆಕೆಯದೇ ಇರಲಿ.