ಓಟದ ಪಥಕ್ಕೂ ಬೇಕು ದುಡಿಯುವ ಬಂಡವಾಳ

ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದ ಉತ್ತರಾರ್ಧದಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಹಳಿಯಾಳ, ಮುಂಡಗೋಡ, ಯಲ್ಲಾಪುರ ಭಾಗದ ಸಿದ್ದಿ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ನೀಡಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ಹೊಂದಿದ್ದವರು, ಮುಂದೆ 1999ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಆಯ್ಕೆಯಾದ ಮಾರ್ಗರೇಟ್ ಆಳ್ವ. ಕಮಲಾ ಸಿದ್ದಿಯಂತಹವರು ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದರು. ಕೆಲವರಿಗೆ ಕ್ರೀಡಾ ಕೋಟಾದಡಿ ನೌಕರಿಯೂ ದೊರೆಯಿತು. 1993ರಲ್ಲಿ ಈ ಸಮುದಾಯದ ಮಕ್ಕಳ ತರಬೇತಿ ನಿಂತಿತು. ಅರ್ಧಕ್ಕೆ ಊರಿಗೆ ಮರಳಿದವರು ಕೂಲಿ, ಹೊಲಮನೆಯ ಕೆಲಸಕ್ಕೆ ಹಿಂತಿರುಗಿದರು.

ಗೋಡೆ ಎದ್ದು, ಯಂತ್ರ ಬಂದು, ಸರಕು ಹೊರಬೀಳತೊಡಗಿದ ವೇಳೆಗೆ ಕಾರ್ಖಾನೆಗೆ ಬೀಗ ಜಡಿಯುವ ಉದ್ಯಮಿಯನ್ನು ಪೇಟೆಯಲ್ಲಿ ಯಾರೂ ಜಾಣನೆನ್ನರು. ಅಲ್ಲಿ ಆದದ್ದು ಅದೇ. ಆಫ್ರಿಕಾ ಮೂಲದವರಿಗೆ ಓಟ ರಕ್ತದಲ್ಲೇ ಬಂದಿರುತ್ತದೆಂಬ ಮಾತೂ ಈ ನಷ್ಟಕ್ಕೆ ಒಂದು ಕಾರಣ. ರಕ್ತದಲ್ಲಿದ್ದರೆ ಹಾಲು, ಮೊಟ್ಟೆ, ಬೂಟು, ತರಬೇತುದಾರನ ಸಂಬಳ ಏಕೆ ಬೇಕೆಂಬ ಸೋಗಲಾಡಿ ಲೆಕ್ಕ ಅದರ ಬೆನ್ನಿಗೇ ಬರುತ್ತದೆ.

ಇಂದು ಸೂಪಾ, ದಾಂಡೇಲಿ, ಹಳಿಯಾಳದ ಹುಡುಗ ಹುಡುಗಿಯರು ಪದವಿ ಕಾಲೇಜು ಸೇರಿದರೆ ಓಡಬೇಕಾದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟಗಳಲ್ಲಿ. ವಿಶ್ವವಿದ್ಯಾಲಯ ಕೂಟವನ್ನು ನಡೆಸಬಲ್ಲದು, ತಂಡವನ್ನು ಆರಿಸಬಲ್ಲದು. ವರ್ಷದ ಮುನ್ನೂರು ದಿನದ ಅಭ್ಯಾಸ ಮಾತ್ರ ಊರಿನಲ್ಲೇ ಆಗಬೇಕು. ಹಲವು ಕೋಟಿಯ ಸಿಂಥೆಟಿಕ್ ಪಥವನ್ನು ಪ್ರತಿ ತಾಲೂಕೂ ಕೇಳುವುದು ವಿವೇಕವಲ್ಲ. ಅದರ ಮೇಲ್ಪದರವನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವ ಖರ್ಚನ್ನು ಉದ್ಘಾಟನೆಯ ದಿನ ಯಾರೂ ನೆನೆಯುವುದಿಲ್ಲ. ರೋಲರ್ ಹಾಯಿಸಿದ ನಾಲ್ಕುನೂರು ಮೀಟರಿನ ಮಣ್ಣಿನ ಪಥ, ಸುಣ್ಣದ ಗೆರೆ, ಜಿಗಿತಕ್ಕೆ ಮರಳಿನ ಗುಂಡಿ ಆರಂಭಕ್ಕೆ ಸಾಕು.

ನಿಜವಾದ ತೊಡಕು ಮಳೆಗಾಲ. ಕಾಳಿ ಕಣಿವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾಗಿರುತ್ತದೆ. ನಾಲ್ಕು ತಿಂಗಳು ಬಿಟ್ಟ ಅಭ್ಯಾಸವನ್ನು ಮತ್ತೆ ಹಳಿಗೆ ತರಲು ಇನ್ನೂ ಎರಡು ತಿಂಗಳು ಬೇಕು. ಆ ದಿನಗಳಲ್ಲಿ ಖಾಲಿ ಬೀಳುವ ಗೋದಾಮೊಂದನ್ನು ವರ್ತಕರು ಬೆಳಗಿನ ಎರಡು ತಾಸು ಬಿಟ್ಟುಕೊಟ್ಟರೆ, ಭಾರ ಎತ್ತುವ, ಜಿಗಿಯುವ ಕಸರತ್ತು ನಿಲ್ಲದೆ ಸಾಗುತ್ತದೆ. ಇದಕ್ಕೆ ನಗದು ಬೇಡ. ಬೀಗದ ಕೈ ಸಾಕು.

ನಗದಿನ ವಿಷಯಕ್ಕೆ ಬಂದರೆ, ಕಂಪನಿ ಕಾಯ್ದೆ 2013ರ 135ನೆಯ ಕಲಮಿನ ಪ್ರಕಾರ, ಐದು ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಏಳನೆಯ ಅನುಸೂಚಿಯಲ್ಲಿದೆ. ಆದರೆ 2021ರ ನಿಯಮಗಳಂತೆ ಮುಂದುವರಿಯುವ ಯೋಜನೆಯೊಂದರ ಅವಧಿ, ಆರಂಭದ ವರ್ಷ ಬಿಟ್ಟು, ಗರಿಷ್ಠ ಮೂರು ವರ್ಷ. ಹದಿನಾಲ್ಕರಲ್ಲಿ ಸೇರಿದ ಹುಡುಗಿ ಇಪ್ಪತ್ತೆರಡಕ್ಕೆ ಪಕ್ವವಾಗುತ್ತಾಳೆ. ಈ ನಡುವಿನ ಅಂತರವನ್ನು ತುಂಬಬೇಕಾದವರು ಕಾಯ್ದೆಯ ವ್ಯಾಪ್ತಿಗೆ ಬಾರದ ಸಣ್ಣ ಉದ್ಯಮಿಗಳೇ.

ಬನಿಯನ್ನಿನ ಮೇಲೆ ಅಂಗಡಿಯ ಹೆಸರು ಮುದ್ರಿಸಿ ಕೊಟ್ಟ ಹಣ ಪ್ರಚಾರದ ಖರ್ಚು. ಪಾವತಿ ಮತ್ತು ಒಪ್ಪಂದ ಪತ್ರವಿದ್ದರೆ ಲೆಕ್ಕದಲ್ಲಿ ತೋರಿಸಲು ಸಂಕೋಚ ಬೇಡ. ವರ್ತಕರ ಸಂಘವೊಂದು ಪ್ರತ್ಯೇಕ ಖಾತೆ ತೆರೆದು, ಎಂಟು ವರ್ಷದ ವಾಗ್ದಾನ ಪಡೆದು, ವರ್ಷಕ್ಕೊಮ್ಮೆ ಪರಿಶೋಧಿತ ಲೆಕ್ಕ ಪ್ರಕಟಿಸಲಿ. ಮೊದಲ ಕಂತಿನಲ್ಲಿ ಪದಕ, ಫಲಕ, ಪೆಂಡಾಲು ಬೇಡ. ತರಬೇತುದಾರನ ಸಂಬಳ, ದೂರದ ಹಾಡಿಗಳಿಂದ ಬರುವವರ ಬಸ್ ಪಾಸು, ಅಭ್ಯಾಸದ ನಂತರದ ಒಂದು ಊಟ ಇಷ್ಟೇ ಇರಲಿ. ಗೋದಾಮಿನ ಮಾತುಕತೆಯಂತೂ ಮೇ ತಿಂಗಳೊಳಗೆ ಮುಗಿಯಬೇಕು.