ಕಾಲುವೆ ಕೊನೆಯ ರೂಮು

ಹೊಸ ಫ್ಲ್ಯಾಟಿಗೆ ಇಂಟೀರಿಯರ್ ಮಾಡಿಸುವಾಗ ಫಾಲ್ಸ್ ಸೀಲಿಂಗ್ ಬಗ್ಗೆ ನಾಲ್ಕು ಮೀಟಿಂಗ್ ನಡೆಯುತ್ತೆ. ಪ್ರತಿ ರೂಮಿಗೂ ಒಂದು ನೆಟ್‌ವರ್ಕ್ ಕೇಬಲ್ ಎಳೀರಿ ಅಂದ್ರೆ ಮಾತ್ರ ಕಂಟ್ರಾಕ್ಟರ್ ನಮ್ಮನ್ನ ಹಳೇ ಕಾಲದವರ ಥರ ನೋಡ್ತಾನೆ. "ವೈಫೈ ಇದೆಯಲ್ಲ ಸಾರ್. ಬೇಕಾದ್ರೆ ಆಮೇಲೆ ಒಂದು ಸ್ವಿಚ್ ಹಾಕ್ಕೊಂಡ್ರಾಯ್ತು."

ಈ 'ಆಮೇಲೆ ಒಂದು ಸ್ವಿಚ್' ಅನ್ನೋ ಮಾತಿನ ಮೇಲೆ ನನಗೆ ಸಿಟ್ಟು. ಅದಕ್ಕೆ ತಲೆಯಾಡಿಸುವ ನಮ್ಮಂಥ ಎಂಜಿನಿಯರುಗಳ ಮೇಲೆ ಇನ್ನೂ ಜಾಸ್ತಿ.

ನಾನೂ ತಲೆಯಾಡಿಸಿದವನೇ. ರೌಟರ್ ಬಾಗಿಲ ಹತ್ತಿರ. ಅಲ್ಲಿಂದ ಟಿವಿ ಹಿಂದೆ ಒಂದು ಸ್ವಿಚ್. ಅದರಿಂದ ನನ್ನ ಮೇಜಿನ ಕೆಳಗೆ ಇನ್ನೊಂದು, ಹಾಸ್ಟೆಲ್ ಕಾಲದ 100 ಎಂಬಿಪಿಎಸ್‌ದು. ಅದರಿಂದ ಒಂದು ವೈರು ಕೊನೇ ರೂಮಿಗೆ. ಎರಡು ಗೋಡೆ, ಒಂದು ವಾರ್ಡ್‌ರೋಬ್ ದಾಟಿ ಅಲ್ಲಿಗೆ ವೈಫೈ ಮುಟ್ಟಲ್ಲ. ಅದು ಅಪ್ಪನ ರೂಮು. ಆಫೀಸಿನಲ್ಲಿ ಒಂದು ಸರ್ವರ್ ಬಿದ್ದರೂ ಸರ್ವಿಸ್ ಬೀಳಬಾರದು ಅಂತ ದಿನವಿಡೀ ವಾದ ಮಾಡುವ ನಾನು, ರಾತ್ರಿ ಮಲಗುವಾಗ ಮೇಜಿನ ಎಕ್ಸ್‌ಟೆನ್ಷನ್ ಬೋರ್ಡ್ ಆಫ್ ಮಾಡ್ತಿದ್ದೆ. ಅದರ ಜೊತೆ ಆ ಸ್ವಿಚ್ಚೂ ಆಫ್. ನಿದ್ದೆ ಬರದ ಅಪ್ಪನ ಟಿವಿಯೂ ಆಫ್.

ಎರಡು ತಿಂಗಳು ಅಪ್ಪ ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದ್ರೆ, "ಮ್ಯಾಲಿನವರು ಬಂದ್ ಮಾಡಿರ್ತಾರ ಅಂತ ಸುಮ್ನಿದ್ದೆ" ಅಂದರು.

ನಮ್ಮೂರು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗ. 200 ಕಿಲೋಮೀಟರಿಗೂ ಉದ್ದದ ಕಾಲುವೆ. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ತಿರುಗಿಸಿಕೊಂಡರೆ ಕೆಳಗಿನವರಿಗೆ ತಳದ ಕೆಸರು. ಜನ್ಮವಿಡೀ ಕೊನೇ ಭಾಗದಲ್ಲಿ ಕಾದವರನ್ನ ಕರೆದುಕೊಂಡು ಬಂದು ನಾನು ಮತ್ತೆ ಕೊನೆಗೇ ಕೂರಿಸಿದ್ದೆ.

ಸ್ವಿಚ್ಚಿಗೆ ಸ್ವಿಚ್ ಸೇರಿಸೋದೇ ತಪ್ಪು ಅಂತ ಹೇಳ್ತಿಲ್ಲ. ಎಲ್ಲವೂ ಗಿಗಾಬಿಟ್ ಆಗಿದ್ದು, ಮನೆಯ ಇಂಟರ್ನೆಟ್ಟೇ 100 ಎಂಬಿಪಿಎಸ್ ಆಗಿದ್ದರೆ ವೇಗದ ವ್ಯತ್ಯಾಸ ಗೊತ್ತೂ ಆಗಲ್ಲ. ಆದರೆ ಒಂದರ ಬೆನ್ನಿಗೆ ಒಂದು ಕಟ್ಟಿದಾಗ ನಡುವಿನದು ಸತ್ತರೆ ಹಿಂದಿನವರೆಲ್ಲ ಸತ್ತರು. ನಡುವೆ ಒಂದು ಹಳೇ 100ರದ್ದು ಕೂತಿದ್ದರೆ ಅದರಾಚೆಯವರಿಗೆ ಅಷ್ಟೇ ಪಾಲು. ಯಾವ ವೈರು ಎಲ್ಲಿಗೆ ಹೋಗುತ್ತೆ ಅಂತ ಹಾಕಿದವನಿಗೇ ಮರೆತುಹೋಗುತ್ತೆ. ಒಂದು ಭಾನುವಾರ ಧೂಳು ಹೊಡೆಯುವಾಗ ಜೋತುಬಿದ್ದಿದ್ದ ತುದಿಯೊಂದನ್ನು ಖಾಲಿ ಪೋರ್ಟಿಗೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಈಥರ್ನೆಟ್ ಫ್ರೇಮಿಗೆ ಇಷ್ಟು ಸುತ್ತಾದ ಮೇಲೆ ನಿಲ್ಲು ಅನ್ನೋ ಲೆಕ್ಕ ಇಲ್ಲ; ಬ್ರಾಡ್‌ಕಾಸ್ಟ್ ಗಿರಗಿರ ಸುತ್ತಿ ಇಡೀ ಮನೆ ನೆಟ್ವರ್ಕ್ ಮಲಗಿತು. ಇದನ್ನ ತಡೆಯೋಕೆ ರೇಡಿಯಾ ಪರ್ಲ್‌ಮನ್ 1985ರಲ್ಲೇ ಸ್ಪ್ಯಾನಿಂಗ್ ಟ್ರೀ ಅಲ್ಗಾರಿದಮ್ ಪ್ರಕಟಿಸಿದ್ದಾರೆ. ನಾವು ತರುವ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ.

ವೈಫೈ ಸಾಕು ಅನ್ನೋರಿಗೆ ಒಂದೇ ಮಾತು: 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರೋದು ಮೂರೇ, 1, 6, 11. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ರೌಟರ್ ಎಷ್ಟಿವೆ, ಎಣಿಸಿ ನೋಡಿ.

ಆಮೇಲೆ ಸರಿ ಮಾಡಿಸಿದೆ. ರೌಟರ್ ಪಕ್ಕ ಎಂಟು ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್, ಅಲ್ಲಿಂದ ಪ್ರತಿ ರೂಮಿಗೂ ನೇರ ಒಂದೊಂದು ಕ್ಯಾಟ್ 6. ಒಂದು ಎಳೆ 100 ಮೀಟರ್ ತನಕ ಹೋಗುತ್ತೆ. ನಮ್ಮ ಫ್ಲ್ಯಾಟು ಅದರ ಕಾಲು ಭಾಗವೂ ಇಲ್ಲ. ಎಲೆಕ್ಟ್ರಿಷಿಯನ್ ಎಂಟು ತಂತಿಯಲ್ಲಿ ನಾಲ್ಕೇ ಜೋಡಿಸಿ "ನೆಟ್ ಬರ್ತಿದೆಯಲ್ಲ ಸಾರ್" ಅಂದ. ಬರುತ್ತೆ, 100ರಲ್ಲಿ, ಗಿಗಾಬಿಟ್ಟಿಗೆ ಎಂಟೂ ಬೇಕು. ನಿಂತು ಮತ್ತೆ ಕ್ರಿಂಪ್ ಮಾಡಿಸಿದೆ. ದುಬಾರಿ ಆಗಿದ್ದು ಸ್ವಿಚ್ಚೂ ಅಲ್ಲ, ಕೇಬಲ್ಲೂ ಅಲ್ಲ, ಆ ಫಾಲ್ಸ್ ಸೀಲಿಂಗ್ ಒಡೆದು ಮತ್ತೆ ಹಚ್ಚಿಸಿದ್ದು.

ನಿಮ್ಮ ಮನೆ ಪ್ಲಾಸ್ಟರಿಂಗ್ ಇನ್ನೂ ಮುಗಿದಿಲ್ಲ ಅಂದ್ರೆ ಈ ಶನಿವಾರವೇ ಸೈಟಿಗೆ ಹೋಗಿ. ಪ್ರತಿ ರೂಮಿಗೂ ಒಂದು ಖಾಲಿ ಪೈಪಾದರೂ ಗೋಡೆಯೊಳಗೆ ಬಿಡಿಸಿ. ಶುರು ಮಾತ್ರ ಕೊನೇ ರೂಮಿನಿಂದ ಮಾಡಿಸಿ.